ಎಳನೀರು, ಹಳೆಯ ಸೀಸೆ ಮತ್ತು ರಸಬಾಳೆ

ದಾಸವಾಳದ ಕಡ್ಡಿಯನ್ನು ಮಣ್ಣಿಗೆ ಚುಚ್ಚಿ ಗಿಡ ಮಾಡುವುದು ನಮ್ಮ ಹಿರಿಯರಿಗೆ ದಿನನಿತ್ಯದ ಕೆಲಸವಾಗಿತ್ತು. ಬೆಳವಣಿಗೆ ನಿಲ್ಲಿಸಿದ್ದ ಕಡ್ಡಿಯ ಜೀವಕೋಶಗಳು ಮತ್ತೆ ಒಂದು ಎರಡಾಗಿ, ಎರಡು ನಾಲ್ಕಾಗಿ ಬೇರು ಬಿಡುವುದಾದರೂ ಹೇಗೆ? ಹಾಗೆ ಒಡೆಯಲು ಅವಕ್ಕೆ ಅಪ್ಪಣೆ ಕೊಡುವವರಾರು? ಉತ್ತರ ಸಿಗಲು ಅರ್ಧ ಶತಮಾನ ಬೇಕಾಯಿತು.

೧೯೧೩ರಲ್ಲಿ ಹೇಬರ್‌ಲಾಂಟ್ ಎಂಬ ಸಸ್ಯವಿಜ್ಞಾನಿ ಆಲೂಗಡ್ಡೆಯ ಚೂರುಗಳನ್ನು ಪರೀಕ್ಷಿಸುತ್ತಿದ್ದರು. ಆಹಾರ ಸಾಗಿಸುವ ನಾಳಗಳ ರಸ ತಗುಲಿದ ಕೋಶಗಳು ವಿಭಜನೆಯಾಗುತ್ತಿದ್ದವು. ಆ ರಸದಲ್ಲಿ ಏನೋ ಒಂದು ಚೋದಕವಿದೆಯೆಂದು ಅವರು ಊಹಿಸಿದರು. ಅದನ್ನು ಬೇರ್ಪಡಿಸಿ ತೋರಿಸುವುದು ಮಾತ್ರ ಆಗಲಿಲ್ಲ.

ಮುಂದಿನ ಸುಳಿವು ಕೊಟ್ಟದ್ದು ನಮ್ಮೆಲ್ಲರಿಗೂ ಪ್ರಿಯವಾದ ತೆಂಗು. ೧೯೪೧ರಲ್ಲಿ ಅಮೆರಿಕದಲ್ಲಿ ವಾನ್ ಓವರ್‌ಬೀಕ್ ಮತ್ತು ಸಂಗಡಿಗರು ದತ್ತೂರಿಯ ಎಳೆಯ ಭ್ರೂಣಗಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಲು ತೆಂಗಿನಕಾಯಿಯ ನೀರನ್ನು ಬಳಸಿದರು. ಭ್ರೂಣಗಳು ಚೇತರಿಸಿಕೊಂಡು ಬೆಳೆದವು. ಎಳೆಯ ಬೀಜವನ್ನು ಸಲಹುವ ಆ ನೀರಿನಲ್ಲಿ ಕೋಶಗಳನ್ನು ಎಬ್ಬಿಸುವ ಶಕ್ತಿಯಿತ್ತು.

ಆ ಶಕ್ತಿಗೆ ಹೆಸರು ದೊರೆತದ್ದು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ. ಅಲ್ಲಿನ ಫೋಕೆ ಸ್ಕೂಗ್ ಅವರೂ ನಮ್ಮಂತೆ ಹುಟ್ಟಿದ ನಾಡು ಬಿಟ್ಟು ಬಂದವರೇ. ಸ್ವೀಡನ್ನಿನವರಾದ ಅವರು ೧೯೩೨ರ ಒಲಿಂಪಿಕ್ಸ್‌ನಲ್ಲಿ ೧೫೦೦ ಮೀಟರ್ ಓಟದಲ್ಲಿ ಸ್ಪರ್ಧಿಸಿದ್ದರು. ಅವರ ಪ್ರಯೋಗಾಲಯದಲ್ಲಿ ಹೊಗೆಸೊಪ್ಪಿನ ಕಾಂಡದ ತಿರುಳಿಗೆ ಆಕ್ಸಿನ್ ಎಂಬ ಹಾರ್ಮೋನನ್ನಷ್ಟೇ ಕೊಟ್ಟರೆ ಕೋಶಗಳು ಹಿಗ್ಗುತ್ತಿದ್ದವೇ ಹೊರತು ಒಡೆಯುತ್ತಿರಲಿಲ್ಲ. ಕಾರ್ಲೋಸ್ ಮಿಲ್ಲರ್ ಎಂಬ ಸಹೋದ್ಯೋಗಿ ಹೆರಿಂಗ್ ಮೀನಿನ ವೀರ್ಯದಿಂದ ತೆಗೆದ ಡಿ.ಎನ್.ಎ.ಯ ಹಳೆಯ ಸೀಸೆಯೊಂದನ್ನು ಪರೀಕ್ಷಿಸಿದರು. ಕೋಶಗಳು ಒಡೆದವು! ಆದರೆ ಸೀಸೆ ಬರಿದಾಗಿ ಹೊಸದು ತಂದಾಗ ಅದು ನಿಷ್ಪ್ರಯೋಜಕವಾಯಿತು. ಮೊದಲ ಫಲಿತಾಂಶವೇ ಸುಳ್ಳೆಂದು ಅವರು ಕೈಬಿಡಬಹುದಿತ್ತು, ಬಿಡಲಿಲ್ಲ. ಹೊಸ ಡಿ.ಎನ್.ಎ.ಯನ್ನು ನಮ್ಮ ಪ್ರೆಶರ್ ಕುಕ್ಕರಿನಂತಹ ಹಬೆಯ ಪಾತ್ರೆಯಲ್ಲಿ ಕಾಯಿಸಿದಾಗ ಗುಣ ಮರಳಿ ಬಂತು. ೧೯೫೫ರಲ್ಲಿ ಆ ವಸ್ತುವನ್ನು ಬೇರ್ಪಡಿಸಿ ಕೈನೆಟಿನ್ ಎಂದು ಹೆಸರಿಟ್ಟರು. ಈ ವರ್ಗದ ಹಾರ್ಮೋನುಗಳೇ ಸೈಟೋಕೈನಿನ್‌ಗಳು.

೧೯೫೭ರಲ್ಲಿ ಸ್ಕೂಗ್ ಮತ್ತು ಮಿಲ್ಲರ್ ಇನ್ನೊಂದು ಸೋಜಿಗ ತೋರಿಸಿದರು. ಆಕ್ಸಿನ್ ಹೆಚ್ಚಾದರೆ ಬೇರು, ಕೈನೆಟಿನ್ ಹೆಚ್ಚಾದರೆ ಚಿಗುರು, ಎರಡೂ ಹದವಾಗಿದ್ದರೆ ಆಕಾರವಿಲ್ಲದ ಕೋಶಗಳ ಮುದ್ದೆ. ಗಿಡಕ್ಕೆ ಬೇಕಾದದ್ದು ಒಬ್ಬನ ಅಪ್ಪಣೆಯಲ್ಲ, ಇಬ್ಬರ ಹೊಂದಾಣಿಕೆ. ೧೯೬೩ರಲ್ಲಿ ನ್ಯೂಜಿಲೆಂಡಿನ ಲೆಥಾಮ್ ಎಳೆಯ ಮುಸುಕಿನ ಜೋಳದಿಂದ ಸಸ್ಯದ ಸ್ವಂತ ಸೈಟೋಕೈನಿನ್ ಆದ ಜಿಯಾಟಿನ್ನನ್ನು ತೆಗೆದರು. ಅದು ಕೋಶದೊಳಗೆ ಮಾಡುವುದೇನೆಂಬುದು ೧೯೯೯ರಲ್ಲಿ ಒಂದಿಷ್ಟು ತಿಳಿಯಿತು: ಸೈಟೋಕೈನಿನ್ 'ಸೈಕ್ಲಿನ್ ಡಿ-೩' ಎಂಬ ಪ್ರೋಟೀನನ್ನು ಹೆಚ್ಚಿಸುತ್ತದೆ; ಅದು ಜೊತೆಗಾರ ಕಿಣ್ವದೊಡನೆ ಸೇರಿ ವಿಭಜನೆಗೆ ಹಾಕಿದ ತಡೆಯನ್ನು ಸಡಿಲಿಸುತ್ತದೆ.

ಇದರಿಂದ ನಮಗೇನು ಎನ್ನುವಿರಾ? ನಮ್ಮ ನಂಜನಗೂಡು ರಸಬಾಳೆಯನ್ನು ನೆನೆಯಿರಿ. ಮಣ್ಣಿನಲ್ಲಿ ಉಳಿಯುವ ಪನಾಮಾ ಸೊರಗು ರೋಗ ಅದರ ತೋಟಗಳನ್ನು ಬಹುಮಟ್ಟಿಗೆ ಹಾಳುಗೆಡವಿತು. ರೋಗವಿರುವ ತೋಟದ ಕಂದನ್ನು ನೆಟ್ಟರೆ ರೋಗವೂ ಜೊತೆಗೇ ಬರುತ್ತದೆ. ಅಂಗಾಂಶ ಕೃಷಿಯಲ್ಲಾದರೋ ಆರೋಗ್ಯವಂತ ಗಿಡದ ಒಂದು ಕುಡಿಗೆ ಸೈಟೋಕೈನಿನ್ ಕೊಟ್ಟು ನೂರಾರು ಶುದ್ಧ ಸಸಿಗಳನ್ನು ಪಡೆಯಬಹುದು. ಆದರೆ ಅವೆಲ್ಲ ತಾಯಿಯ ಪ್ರತಿರೂಪಗಳೇ. ತಾಯಿಗಿಲ್ಲದ ರೋಗನಿರೋಧ ಶಕ್ತಿ ಮಕ್ಕಳಿಗೆ ಬಾರದು. ಸಸಿ ಶುದ್ಧವಾದರೂ ಮಣ್ಣು ಶುದ್ಧವಾಗಿರಬೇಕು. ಹಾರ್ಮೋನು ಸಸಿಗಳ ಸಂಖ್ಯೆಯನ್ನು ಬೆಳೆಸೀತು. ರಸಬಾಳೆಯನ್ನು ಉಳಿಸುವ ಹೊಣೆ ಈಗಲೂ ರೈತನದು, ಮಣ್ಣಿನದು.