ಸೊರಬದ ಕಾನುಗಳೂ ಕ್ಯಾಸನೂರಿನ ಜ್ವರವೂ

ಮಹಾಮಾರಿಗಳು ಕಡಲದಾರಿಯಿಂದ ಬರುವುವೆಂಬ ಭಾವನೆಯು ಕನ್ನಡನಾಡಿನಲ್ಲಿ ಬೇರೂರಿದುದಕ್ಕೆ ಕಾರಣವಿಲ್ಲದೆ ಇಲ್ಲ. 1896ರಲ್ಲಿ ಮುಂಬಯಿ ಬಂದರಿನಲ್ಲಿ ಕಾಣಿಸಿಕೊಂಡ ಪ್ಲೇಗು ರೈಲುದಾರಿಯನ್ನು ಹಿಡಿದು 1898ರ ಆಗಸ್ಟಿನಲ್ಲಿ ಬೆಂಗಳೂರನ್ನು ಮುಟ್ಟಿತು. 1918ರ ಇನ್‌ಫ್ಲುಯೆಂಜವೂ ಅದೇ ಬಂದರಿನಿಂದ ಒಳನಾಡಿಗೆ ಹರಡಿತು. ಹಡಗನ್ನು ತಡೆದು, ಪ್ರಯಾಣಿಕನನ್ನು ಪರೀಕ್ಷಿಸಿ, ಬೇನೆಯನ್ನು ಹೊರಗಿಡಬೇಕೆಂಬ ಏರ್ಪಾಡು ಇಂತಹ ಅನುಭವಗಳಿಂದ ಬಲಗೊಂಡಿತು. ಆದರೆ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನಲ್ಲಿ 1957ರಲ್ಲಿ ಗುರುತಿಸಲ್ಪಟ್ಟ ಜ್ವರದ ಚರಿತ್ರೆಯು ಈ ಭಾವನೆಗೆ ಒಳಪಡತಕ್ಕುದಲ್ಲ. ಅದನ್ನೂ ಮೊದಲು ಕಡಲಾಚೆಯ ಬೇನೆಯೆಂದೇ ಶಂಕಿಸಿದರೆಂಬುದು ಇಲ್ಲಿ ವಿಚಾರಾರ್ಹವಾದ ಸಂಗತಿ.

ಸೊರಬವು ಪೂರ್ಣ ಮಲೆನಾಡೂ ಅಲ್ಲ, ಬಯಲುಸೀಮೆಯೂ ಅಲ್ಲ. ಗದ್ದೆ, ಕೆರೆ, ಅಡಕೆಯ ತೋಟಗಳ ನಡುನಡುವೆ ನಿತ್ಯಹಸುರಿನ ಕಾಡಿನ ತುಂಡುಗಳು ಅಲ್ಲಲ್ಲಿ ನಿಂತಿರುವುವು. ಇವಕ್ಕೆ ಕಾನುಗಳೆಂದು ಹೆಸರು. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಇಂಗ್ಲಿಷ್ ಸರ್ಕಾರದ ಅಧಿಕಾರಿಗಳು ಈ ತಾಲ್ಲೂಕಿನ ಕಾನುಗಳನ್ನು ಕುರಿತು ವರದಿಯೊಂದನ್ನು ಬರೆದರು. ಅದರಲ್ಲಿ 171 ಕಾನುಗಳ ಲೆಕ್ಕವುಂಟು. ಮೆಣಸಿನ ಬಳ್ಳಿ, ಬಗನಿಯ ಮರ, ದೇವರ ಬನ, ನೀರಿನ ಸೆಲೆ ಇವೆಲ್ಲವೂ ಕಾನಿನೊಳಗೆ ಸೇರಿದ್ದುವು. ಊರಿಗೂ ಕಾಡಿಗೂ ನಡುವೆ ಗೋಡೆಯಿರಲಿಲ್ಲ. ದನ ಮೇಯಲು, ಸೌದೆ ಆಯಲು, ತೋಟದ ಗೊಬ್ಬರಕ್ಕೆ ಸೊಪ್ಪು ತರಗೆಲೆಗಳನ್ನು ತರಲು ಜನರು ದಿನವೂ ಕಾಡನ್ನು ಹೊಗುತ್ತಿದ್ದರು. ಮುಂದೆ ಹೇಳುವ ರೋಗದ ಮೂಲವನ್ನು ಅರಿಯಲು ಈ ನಿತ್ಯದ ಹೋಗಿಬರುವಿಕೆಯನ್ನು ಮನಸ್ಸಿನಲ್ಲಿಡಬೇಕು.

1957ರ ಆದಿಯಲ್ಲಿ ಕ್ಯಾಸನೂರು ಕಾಡಿನಲ್ಲಿ ಮುಸುವಗಳೂ ಮಂಗಗಳೂ ಸತ್ತು ಬೀಳತೊಡಗಿದುವು. ಸುತ್ತಣ ಹಳ್ಳಿಗಳ ಜನರಿಗೆ ತೀವ್ರ ಜ್ವರ, ತಲೆಶೂಲೆ, ಸ್ನಾಯುಗಳ ನೋವು, ಕೆಲವರಲ್ಲಿ ಮೂಗು ಒಸಡುಗಳಿಂದ ರಕ್ತಸ್ರಾವ ಕಂಡುಬಂದುವು. ಹಿಂದಿನ ವರ್ಷವೇ ಇಂತಹ ಜ್ವರವಿದ್ದು, ಅದನ್ನು ವಿಷಮಜ್ವರವೆಂದು, ಅಂದರೆ ಟೈಫಾಯಿಡ್ ಎಂದು, ತಿಳಿದಂತೆ ತೋರುತ್ತದೆ. ಕಪಿಗಳ ಸಾವಿನ ಸುದ್ದಿಯು ಪುಣೆಯಲ್ಲಿ 1952ರಲ್ಲಿ ಸ್ಥಾಪಿತವಾಗಿದ್ದ ವೈರಸ್ ಸಂಶೋಧನ ಕೇಂದ್ರವನ್ನು ಮುಟ್ಟಲು, ಡಾಕ್ಟರು ವರ್ಕ್, ಟ್ರಪಿಡೋ ಮೊದಲಾದವರು ಸೊರಬಕ್ಕೆ ಬಂದರು.

ಅವರ ಮೊದಲ ಶಂಕೆಯು ಪೀತಜ್ವರದ ಮೇಲಿತ್ತು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಆ ರೋಗಕ್ಕೆ ಕಪಿಗಳು ಮೊದಲು ಬಲಿಯಾಗುತ್ತವೆ, ಆಮೇಲೆ ಮನುಷ್ಯರು. ಇಂಡಿಯಾ ದೇಶಕ್ಕೆ ಅದು ಎಂದೂ ಕಾಲಿಟ್ಟುದಿಲ್ಲ. ಆದರೆ ಅದನ್ನು ಹರಡಬಲ್ಲ ಸೊಳ್ಳೆಯು ಇಲ್ಲಿ ಹೇರಳವಾಗಿರುವುದರಿಂದ ಬಂದರುಗಳಲ್ಲಿಯೂ ವಿಮಾನನಿಲ್ದಾಣಗಳಲ್ಲಿಯೂ ಕಟ್ಟೆಚ್ಚರವಿತ್ತು. ಆದುದರಿಂದ ಶಂಕೆಯು ಅವಿವೇಕದ್ದಲ್ಲ. 1957ರ ಮಾರ್ಚಿಯಲ್ಲಿ ವೈರಸನ್ನು ಪ್ರತ್ಯೇಕಿಸಿ ನೋಡಿದಾಗ ಮಾತ್ರ ಅದು ಪೀತಜ್ವರದ್ದಲ್ಲವೆಂದೂ, ರಷ್ಯಾದ ಕಾಡುಗಳಲ್ಲಿ ವಸಂತಗ್ರೀಷ್ಮಗಳಲ್ಲಿ ಬರುವ ಮಿದುಳುಜ್ವರದ ವೈರಸಿಗೆ ಬಂಧುವೆಂದೂ ತಿಳಿಯಿತು. ಅದನ್ನು ಒಯ್ಯುವುದು ಸೊಳ್ಳೆಯಲ್ಲ, ಉಣುಗು.

ಉಣುಗಿನ ಜೀವನಕ್ರಮದಲ್ಲಿಯೇ ರೋಗದ ಋತುವೂ ಅಡಗಿರುವುದು. ಮಳೆಗಾಲದಲ್ಲಿ ಬೆಳೆದ ಉಣುಗುಗಳು ದನಗಳ ರಕ್ತವನ್ನು ಹೀರಿ ನೆಲದಲ್ಲಿ ಮೊಟ್ಟೆಯಿಡುತ್ತವೆ. ಮಳೆ ಕಳೆದ ಬಳಿಕ ಮರಿಗಳು ಹೊರಟು ಇಲಿ, ಹೆಗ್ಗಣ, ಹಕ್ಕಿ, ಕಪಿಗಳನ್ನು ಹತ್ತುತ್ತವೆ. ಪುಷ್ಯಮಾಘಗಳಿಂದ ಬೇಸಗೆಯ ಕೊನೆಯವರೆಗೆ ಎಳೆಯ ಉಣುಗು ಮನುಷ್ಯನನ್ನೂ ಕಚ್ಚುತ್ತದೆ. ಸೌದೆಗೂ ತರಗೆಲೆಗೂ ಜನರು ಕಾಡಿಗೆ ಹೋಗುವ ಕಾಲವೂ ಅದೇ. ಒಬ್ಬರಿಂದೊಬ್ಬರಿಗೆ ರೋಗವು ಅಂಟುವುದಿಲ್ಲ. ರೋಗಿಗಳಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುವರೆಂದು ಸಾಮಾನ್ಯವಾಗಿ ಲೆಕ್ಕ ಹೇಳುತ್ತಾರೆ. ಸತ್ತ ಕಪಿಯ ಮೈಯಿಂದ ಉದುರಿದ ಉಣುಗುಗಳಿಂದ ಆ ಸ್ಥಳವೇ ವಿಷಮಯವಾಗುತ್ತದೆ. ಕಪಿಯು ಸತ್ತರೆ ಹನುಮಂತನೆಂಬ ಭಕ್ತಿಯಿಂದ ಸಂಸ್ಕಾರಮಾಡುವ ವಾಡಿಕೆಯು ನಾಡಿನ ಹಲವೆಡೆಗಳಲ್ಲಿದೆ. ಈ ಸೀಮೆಯಲ್ಲಿ ಆ ಪುಣ್ಯಕಾರ್ಯವೂ ಅಪಾಯಕರವಾಯಿತು.

ಹಾಗಾದರೆ ಈ ಬೇನೆ ಆಗಲೇ ಏಕೆ ತಲೆಯೆತ್ತಿತು? ಕೊಲಂಬಿಯದ ಕಾಡುಗಳಲ್ಲಿ ಪೀತಜ್ವರವನ್ನು ಅಭ್ಯಸಿಸಿದ್ದ ಜೋರ್ಜ್ ಬೊಶೆಲ್ ಎಂಬ ವೈದ್ಯರು 1969ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದಕ್ಕೆ ಉತ್ತರವಿದೆ. ಜನಸಂಖ್ಯೆ ಬೆಳೆದು ಕಾಡು ಕಡಿದು ಗದ್ದೆಯಾಯಿತು. ದನಗಳು ಕಾಡಿನ ಅಂಚಿಗೆ ನುಗ್ಗಿದುವು. ದನದ ರಕ್ತದಿಂದ ಉಣುಗುಗಳು ಮಿತಿಮೀರಿ ಹೆಚ್ಚಿದುವು. ಕಾಡಿನೊಳಗೆ ಗುಪ್ತವಾಗಿದ್ದ ವೈರಸು ಊರಿನ ಅಂಚನ್ನು ಮುಟ್ಟಿತು. ಸೌರಾಷ್ಟ್ರ ಕಚ್ಛಗಳ ಜನರ ರಕ್ತದಲ್ಲಿ ಇದರ ಕುರುಹುಗಳು ದೊರೆತಿರುವುದರಿಂದ ವೈರಸು ಸೊರಬದಲ್ಲಿ ಆಗತಾನೆ ಹುಟ್ಟಿದುದೆನ್ನಲಾಗದು. ಹೊಸದಾದುದು ವೈರಸಲ್ಲ, ಕಾಡಿಗೂ ಊರಿಗೂ ಇದ್ದ ಸಂಬಂಧವು ಕೆಟ್ಟುದೇ ಹೊಸದೆಂದು ಹೇಳುವುದು ಯುಕ್ತ.

ಚರಕಸಂಹಿತೆಯ ವಿಮಾನಸ್ಥಾನದ ಜನಪದೋದ್ಧ್ವಂಸನೀಯಾಧ್ಯಾಯದಲ್ಲಿ ಆತ್ರೇಯನು ವಾಯು, ಉದಕ, ದೇಶ, ಕಾಲಗಳೆಂಬ ನಾಲ್ಕರ ವಿಕೃತಿಯಿಂದ ಊರೂರುಗಳೇ ನಾಶವಾಗುವುವೆಂದು ಅಗ್ನಿವೇಶನಿಗೆ ಉಪದೇಶಿಸುತ್ತಾನೆ. ಕೆಟ್ಟ ದೇಶದ ಲಕ್ಷಣಗಳಲ್ಲಿ ಮೃಗಪಕ್ಷಿಗಳ ಭ್ರಾಂತಿ ವ್ಯಥೆಗಳೂ ಸೇರಿವೆ. ಪ್ರಾಚೀನರಿಗೆ ವೈರಸಿನ ಜ್ಞಾನವಿತ್ತೆಂದು ಇದರಿಂದ ಸಾಧಿಸಹೊರಡುವುದು ಹಾಸ್ಯಾಸ್ಪದ. ಆದರೂ ಮೃಗಗಳ ಸಾವನ್ನು ಮನುಷ್ಯರ ಸಾವಿನ ಮುನ್ಸೂಚನೆಯೆಂದು ನೋಡುವ ಕಣ್ಣು ಅವರಿಗಿತ್ತು. ಇಲಿ ಬಿದ್ದೊಡನೆ ಊರು ಬಿಟ್ಟು ಬಯಲಿನಲ್ಲಿ ಗುಡಿಸಲು ಹಾಕುತ್ತಿದ್ದ ಪ್ಲೇಗಿನ ಕಾಲದ ಜನರಿಗೂ ಇತ್ತು.

ಜನರು ಇದನ್ನು ಮಂಗನ ಕಾಯಿಲೆಯೆಂದು ಕರೆದರು. ಹೆಸರು ಸುಲಭವಾದರೂ ನ್ಯಾಯವಾದುದಲ್ಲ. ಮಂಗವು ರೋಗಕ್ಕೆ ಕರ್ತೃವಲ್ಲ, ಮೊದಲ ಬಲಿ. ರಷ್ಯಾದ ರೋಗಕ್ಕೆಂದು ಮಾಡಿದ ಲಸಿಕೆಯನ್ನು ಆರಂಭದಲ್ಲಿ ಪ್ರಯೋಗಿಸಿದಾಗ ಫಲ ದೊರೆಯಲಿಲ್ಲ. ಈ ವೈರಸಿನಿಂದಲೇ ಸಿದ್ಧಪಡಿಸಿದ ಲಸಿಕೆಯು 1990ರಿಂದ ಬಳಕೆಗೆ ಬಂದು, ಸಾಕಷ್ಟು ರಕ್ಷಣೆ ಕೊಡದೆ, 2022ರಲ್ಲಿ ನಿಂತುಹೋಯಿತು. ಮೊದಮೊದಲು ಸೊರಬ, ಸಾಗರ, ಶಿಕಾರಿಪುರಗಳಲ್ಲಿದ್ದ ಬೇನೆಯು 1982–83ರಲ್ಲಿ ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆಯ ಬಳಿ ಗೇರುತೋಟಕ್ಕಾಗಿ ಕಾಡನ್ನು ಕಡಿದಾಗ ಅಲ್ಲಿಯೂ ಹೊಮ್ಮಿ, ಸಾವಿರದ ಐನೂರಕ್ಕೂ ಹೆಚ್ಚು ಜನರನ್ನು ಹಿಡಿದು, ಸುಮಾರು 150 ಮಂದಿಯನ್ನು ಕೊಂದಿತು. 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ಅದೇ ಜ್ವರ ಮರುಕಳಿಸಿತು. ಆಗಲೂ ಮೊದಲು ಸತ್ತುಬಿದ್ದುವು ಕಪಿಗಳೇ.