ತಾಶಾ ಕೇಳಬೇಕು, ಕಿವಿಯೂ ಉಳಿಯಬೇಕು: ಇಯರ್‌ಪ್ಲಗ್ಗಿನ ಕಥೆ

ಇವತ್ತಿನ ವಿಷಯ ಇಯರ್‌ಪ್ಲಗ್. ಇಷ್ಟು ಸಣ್ಣ ವಸ್ತುವಿಗೆ ಎಂಥ ಇತಿಹಾಸ ಅಂತ ನಗಬೇಡಿ. ಕಿವಿಗೆ ಪೆಟ್ಟು ಬಿದ್ದ ಮೇಲೇ ನಾನೂ ಇದನ್ನ ಹುಡುಕಿಕೊಂಡು ಹೋಗಿದ್ದು.

ಪುಣೆಗೆ ಬಂದ ಎರಡನೇ ವರ್ಷ ಆಫೀಸಿನ ಗೆಳೆಯರ ಜೊತೆ ಒಂದು ಢೋಲ್-ತಾಶಾ ಪಥಕ ಸೇರಿದೆ. ಇಲ್ಲಿರೋರಿಗೆ ಗೊತ್ತು, ಗಣೇಶೋತ್ಸವ ಹತ್ತಿರ ಬಂತು ಅಂದ್ರೆ ಸಂಜೆ ಹೊತ್ತು ಮುಠಾ ನದಿ ದಂಡೆಯಲ್ಲಿ ಅಭ್ಯಾಸ ಶುರುವಾಗುತ್ತೆ. ಆ ವರ್ಷ ಕಿವಿಗೆ ಹತ್ತಿ ಇಟ್ಟುಕೊಂಡು ಬಾರಿಸಿದೆ. ವಿಸರ್ಜನೆ ಮುಗಿಸಿ ಬಂದು ಮಲಗಿದರೆ ಕಿವಿಯೊಳಗೆ ಸಣ್ಣಗೆ ಕುಂಯ್ ಅನ್ನೋ ಸದ್ದು. ಹತ್ತು ದಿನವಾದರೂ ಹೋಗಲಿಲ್ಲ. ಮುಂದಿನ ವರ್ಷ ಫೋಮ್ ಪ್ಲಗ್ ತಂದೆ. ಈಗ ಇನ್ನೊಂದು ತಾಪತ್ರಯ: ಢೋಲಿನ ಧಮಧಮ ಕೇಳುತ್ತೆ, ನಮ್ಮನ್ನ ನಡೆಸೋ ತಾಶಾ ಮಾತ್ರ ಮಸುಕು ಮಸುಕು. ಎರಡು ಸಲ ತಾಳ ತಪ್ಪಿತು. ಪ್ಲಗ್ ಕಿತ್ತು ಜೇಬಿಗೆ ಹಾಕಿದೆ.

ತಪ್ಪು ನನ್ನದೊಬ್ಬನದೇ ಅಲ್ಲ ಅಂತ ಆಮೇಲೆ ಗೊತ್ತಾಯ್ತು. ಇಯರ್‌ಪ್ಲಗ್ ಹುಟ್ಟಿದ್ದು ಸಂಗೀತಗಾರರಿಗಾಗಿ ಅಲ್ಲವೇ ಅಲ್ಲ.

1907ರಲ್ಲಿ ಬರ್ಲಿನ್ನಿನ ಮ್ಯಾಕ್ಸ್ ನೆಗ್ವರ್ ಮೇಣ ಮತ್ತು ಹತ್ತಿ ಸೇರಿಸಿ ಪುಟ್ಟ ಉಂಡೆ ಮಾಡಿದ. ಹೋಮರನ ಕಾವ್ಯದಲ್ಲಿ ಸೈರನ್‌ಗಳ ಹಾಡು ಕೇಳಿಸದಿರಲಿ ಅಂತ ನಾವಿಕರ ಕಿವಿಗೆ ಮೇಣ ಹಾಕೋ ಪ್ರಸಂಗವೇ ಅವನಿಗೆ ಪ್ರೇರಣೆ. ಹೆಸರು 'ಓರೋಪ್ಯಾಕ್ಸ್': ಜರ್ಮನ್ನಿನ ಕಿವಿ, ಲ್ಯಾಟಿನ್ನಿನ ಶಾಂತಿ. ಗದ್ದಲ ಸಹಿಸದ ಕಾಫ್ಕಾ ಕೂಡ ಇದನ್ನ ತರಿಸಿಕೊಂಡು ಬಳಸುತ್ತಿದ್ದ. 1972ರಲ್ಲಿ ಅಮೆರಿಕದಲ್ಲಿ ಹಿಂಡಿ ತೂರಿಸಿದರೆ ಒಳಗೆ ಮೆಲ್ಲಗೆ ಉಬ್ಬೋ ಫೋಮ್ ಪ್ಲಗ್ ಮಾರುಕಟ್ಟೆಗೆ ಬಂತು. ಒಂದು ನಿದ್ದೆಗೆ, ಇನ್ನೊಂದು ಯಂತ್ರದ ಸದ್ದಿಗೆ. ಎರಡರ ಗುರಿಯೂ ಒಂದೇ, ಎಷ್ಟಾಗುತ್ತೋ ಅಷ್ಟು ಶಬ್ದ ತಡೆಯೋದು.

ಸಂಗೀತಗಾರನಿಗೆ ಬೇಕಿರೋದು ಮೌನ ಅಲ್ಲ, ಅದೇ ಸಂಗೀತ ಸ್ವಲ್ಪ ಕಡಿಮೆ ಜೋರಾಗಿ. ಇಲ್ಲೇ ತೊಡಕು. ನಮ್ಮ ಕಿವಿಯ ನಾಳ ಕೊಳಲಿನ ಹಾಗೆ ಅನುರಣಿಸಿ, ಸುಮಾರು 2,700 ಹರ್ಟ್ಸ್ ಆಸುಪಾಸಿನ ಸ್ವರಗಳನ್ನ ಎತ್ತಿ ಕೊಡುತ್ತೆ. ಪ್ಲಗ್ ತುರುಕಿದರೆ ಆ ಅನುರಣನೆ ಸತ್ತು ಹೋಗುತ್ತೆ. ಜೊತೆಗೆ ಫೋಮ್ ತಾರಸ್ವರವನ್ನೇ ಹೆಚ್ಚು ನುಂಗುತ್ತೆ. ನನ್ನ ತಾಶಾ ಹೋಗಿದ್ದು ಹೀಗೆ.

1988ರಲ್ಲಿ ಶಿಕಾಗೋ ಬಳಿಯ ಎಟಿಮೋಟಿಕ್ ರಿಸರ್ಚ್ ಸಂಸ್ಥೆಯ ಮೀಡ್ ಕಿಲಿಯನ್, ಎಲ್ಮರ್ ಕಾರ್ಲ್‌ಸನ್‌ರ ಕಲ್ಪನೆಯನ್ನ ಆಧರಿಸಿ 'ಇಆರ್-15' ತಂದರು. ಕಿವಿಯ ಅಚ್ಚು ತೆಗೆದು ಮಾಡೋ ಪ್ಲಗ್, ಅದರಲ್ಲೊಂದು ಸಣ್ಣ ಕೊಳವೆ, ತೆಳು ಪೊರೆ. ಸತ್ತ ಅನುರಣನೆಯನ್ನ ಇವೆರಡೂ ಸೇರಿ ಮತ್ತೆ ಹುಟ್ಟಿಸುತ್ತವೆ. ಮಂದ್ರ, ತಾರ ಎಲ್ಲವೂ ಹೆಚ್ಚುಕಡಿಮೆ ಸಮನಾಗಿ 15 ಡೆಸಿಬೆಲ್ ಇಳಿಯುತ್ತೆ. ನೆಗ್ವರನ ಮೇಣದುಂಡೆಯಿಂದ ಇಲ್ಲಿಗೆ 81 ವರ್ಷ!

ಬರೀ 15 ಸಾಕಾ? ಅಮೆರಿಕದ ನಿಯೋಶ್ ಸಂಸ್ಥೆಯ ಲೆಕ್ಕ ನೋಡಿ: ದಿನಕ್ಕೆ 85 ಡೆಸಿಬೆಲ್ ಆದರೆ 8 ಗಂಟೆ. ಪ್ರತಿ 3 ಡೆಸಿಬೆಲ್ ಏರಿದಾಗ ಸಮಯ ಅರ್ಧ. ಅಂದರೆ 100ಕ್ಕೆ ಬರೀ 15 ನಿಮಿಷ. ಅದೇ 100ರಲ್ಲಿ 15 ಕಳೆದರೆ ಮತ್ತೆ 8 ಗಂಟೆ.

ಆದರೆ ಪ್ಲಗ್ ಕೊಟ್ಟ ಮಾತ್ರಕ್ಕೆ ಮುಗಿಯಲಿಲ್ಲ. 2012ರ ಸೆಪ್ಟೆಂಬರ್ 1, ಲಂಡನ್ನಿನ ರಾಯಲ್ ಒಪೆರಾ ಹೌಸ್, ವಾಗ್ನರನ ಒಪೆರಾದ ತಾಲೀಮು. ವಯೋಲಾ ವಾದಕ ಕ್ರಿಸ್ಟೋಫರ್ ಗೋಲ್ಡ್‌ಶೈಡರ್ ಬೆನ್ನ ಹಿಂದೆಯೇ ತುತ್ತೂರಿಗಳು. ಶಬ್ದ 130 ಡೆಸಿಬೆಲ್ ದಾಟಿತ್ತು. 28 ಡೆಸಿಬೆಲ್‌ವರೆಗೆ ತಡೆಯೋ ಪ್ಲಗ್ ಕೊಟ್ಟಿದ್ದರು. ಆದರೂ ಅವರ ಕಿವಿಗೆ ಪೆಟ್ಟಾಯ್ತು, ವೃತ್ತಿಯೇ ಹೋಯ್ತು. 2018ರಲ್ಲಿ ಹೈಕೋರ್ಟ್ ಸಂಸ್ಥೆಯೇ ಹೊಣೆ ಅಂದಿತು, 2019ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ಹೊಣೆಯನ್ನ ಎತ್ತಿಹಿಡಿಯಿತು. ಕಲೆಯ ಹೆಸರಲ್ಲಿ ಸುರಕ್ಷತೆಯ ಕಾನೂನಿಗೆ ವಿನಾಯಿತಿ ಇಲ್ಲ ಅನ್ನೋದು ಸ್ಪಷ್ಟವಾಯ್ತು.

ಹಾಗಾಗಿ ಪ್ಲಗ್ ಕೊಳ್ಳುವಾಗ ಪ್ಯಾಕೆಟ್ ಮೇಲಿನ ದೊಡ್ಡ ನಂಬರಿಗೆ ಮರುಳಾಗಬೇಡಿ. ಎಲ್ಲ ಸ್ವರಗಳನ್ನ ಸಮನಾಗಿ ಇಳಿಸುತ್ತಾ ಅಂತ ನೋಡಿ. ಅಚ್ಚಿನ ಪ್ಲಗ್ ದುಬಾರಿ ಅನ್ನಿಸಿದರೆ ಸಂಗೀತಗಾರರಿಗಂತಲೇ ಮಾಡಿದ ರೆಡಿಮೇಡ್ ಫಿಲ್ಟರ್ ಪ್ಲಗ್ ಸಿಗುತ್ತೆ. ಕಿವಿಯಲ್ಲಿ ಕೊನೆತನಕ ಉಳಿಯೋ 15, ಜೇಬಿನಲ್ಲಿರೋ 30ಕ್ಕಿಂತ ಮೇಲು. ಮತ್ತೆ ಎಲ್ಲಿ ನಿಲ್ತೀರಿ, ಎಷ್ಟು ಹೊತ್ತು ಬಾರಿಸ್ತೀರಿ ಅನ್ನೋದನ್ನೂ ಲೆಕ್ಕಕ್ಕೆ ತಗೊಳ್ಳಿ.

ನಾನು ಈಗಲೂ ಪಥಕದಲ್ಲಿದ್ದೀನಿ, ಫಿಲ್ಟರ್ ಪ್ಲಗ್ ಹಾಕಿಕೊಂಡು. ತಾಶಾ ಕೇಳುತ್ತೆ. ಮನೆಯಲ್ಲಿ ಫ್ಯಾನ್ ಆರಿಸಿದ ರಾತ್ರಿ ಆ ಕುಂಯ್ ಕೂಡ ಕೇಳುತ್ತೆ. ಅದು ಹೋಗೋದಲ್ಲ ಅಂದಿದ್ದಾರೆ ಡಾಕ್ಟರು. ನಿಮ್ಮದು ಇನ್ನೂ ಶುರುವಾಗಿಲ್ಲ ಅಂದ್ರೆ, ಈ ಸಲದ ಅಭ್ಯಾಸಕ್ಕೆ ಮೊದಲೇ ಒಂದು ಜೊತೆ ತಗೊಂಡುಬಿಡಿ. ಮುಂದಿನ ಮಾತಿನಲ್ಲಿ ಸಿಗೋಣ.