ಕೆರೆ ಕಟ್ಟಿದವರು, ಕೆರೆ ಕಾದವರು

ಪ್ರಾಜೆಕ್ಟ್ ಮ್ಯಾನೇಜರ್ ಕೆಲಸದಲ್ಲಿ ಹತ್ತು ಹದಿನೈದು ವರ್ಷ ಸವೆಸಿದ ಎಷ್ಟೋ ಜನ ಈಗ ಎಐ ಪ್ರಾಡಕ್ಟ್ ಮ್ಯಾನೇಜರ್ ಆಗ್ತೀವಿ ಅಂತ ಹೊರಟಿದ್ದಾರೆ. ೨೦೨೨ರ ನವೆಂಬರ್ ೩೦ಕ್ಕೆ ಚಾಟ್‌ಜಿಪಿಟಿ ಬಂದ ಮೇಲಂತೂ ಈ ಮಾತು ಜಾಸ್ತಿ. ವಿಸಿಟಿಂಗ್ ಕಾರ್ಡು ಬದಲಾದ್ರೆ ಸಾಕು ಅಂದುಕೊಂಡವರೂ ಇದ್ದಾರೆ :-) ಆದರೆ ಇವೆರಡೂ ಬೇರೆ ಬೇರೆ ಕಸುಬು. ಅದನ್ನು ತಿಳಿಯೋಕೆ ಅಮೆರಿಕಕ್ಕೆ ಹೋಗಬೇಕಿಲ್ಲ, ಚನ್ನಗಿರಿ ತನಕ ಬಂದರೆ ಸಾಕು.

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ನಿಮಗೆಲ್ಲ ಗೊತ್ತೇ ಇದೆ. ಶಾಂತಿಸಾಗರ ಅಂತಲೂ ಕರೀತಾರೆ. ಹರಿದ್ರಾ ಹಳ್ಳಕ್ಕೆ ಎರಡು ಗುಡ್ಡಗಳ ನಡುವೆ ಏರಿ ಹಾಕಿ, ಸಿದ್ಧನಾಲೆ ಬಸವನಾಲೆ ಅಂತ ಎರಡು ದಾರಿಯಲ್ಲಿ ನೀರು ಬಿಟ್ಟಿದ್ದಾರೆ. ರಾಜಕುಮಾರಿ ಶಾಂತವ್ವ ಕಟ್ಟಿಸಿದಳು ಅನ್ನೋದು ಐತಿಹ್ಯ. ಗದ್ದೆಗಳಿಗೆ ನೀರುಣಿಸಿದ ಇದೇ ಕೆರೆ ಮುಂದೆ ಚಿತ್ರದುರ್ಗದ ನಲ್ಲಿಗೂ ನೀರು ಕೊಟ್ಟಿತು. ಕಟ್ಟಿದವರ ಲೆಕ್ಕದಲ್ಲಿ ಈ ಬಳಕೆದಾರರು ಇರಲೇ ಇಲ್ಲ, ಅಲ್ವಾ?

ಕೆರೆ ಕಟ್ಟೋದು ಹೇಗೆ ಅನ್ನೋದಕ್ಕೆ ಒಳ್ಳೆ ದಾಖಲೆ ಸಿಗೋದು ಈಗಿನ ಆಂಧ್ರದ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ. ೧೩೬೯ರ ಶಾಸನ ಅದು. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ ಕಟ್ಟಿಸಿದ ಕೆರೆಗೆ ೧೦೦೦ ಆಳು, ೧೦೦ ಬಂಡಿ, ೨ ವರ್ಷ ಹಿಡಿಯಿತಂತೆ. ಆಳು, ಸಾಮಾನು, ಗಡುವು... ಪಕ್ಕಾ ಪ್ರಾಜೆಕ್ಟ್ ರಿಪೋರ್ಟ್! ಅದೇ ಶಾಸನ ಕೆರೆಗೆ ಬೇಕಾದ ೧೨ ಅಂಗಗಳನ್ನೂ ಬರಬಾರದ ೬ ದೋಷಗಳನ್ನೂ ಹೇಳುತ್ತೆ. ಏರಿಯಲ್ಲಿ ನೀರು ಜಿನುಗೋದು ಒಂದು ದೋಷ. ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರೋದು ಇನ್ನೊಂದು. ನೀರು ಕಮ್ಮಿ, ಉಣಿಸಬೇಕಾದ ಹೊಲ ಜಾಸ್ತಿ ಅನ್ನೋದು ಮತ್ತೊಂದು. ಎರಡು ಇಲಾಖೆಗಳ ಜಗಳದಲ್ಲಿ ಸಿಕ್ಕ ಸಾಫ್ಟ್‌ವೇರ್, ಡೇಟಾ ಚೂರೇ ಇದ್ದು ಭರವಸೆ ಬೆಟ್ಟದಷ್ಟಿರೋ ಎಐ ನೋಡಿದವರಿಗೆ ಇದು ಹೊಸದೇನಲ್ಲ.

ಎರಡು ವರ್ಷ ಕಳೆದ ಮೇಲೆ ಏನು? ಅಲ್ಲಿಂದ ನೀರಗಂಟಿಯ ಕೆಲಸ ಶುರು. ತೂಬು ಯಾವಾಗ ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು, ಮಳೆ ಕೈಕೊಟ್ಟ ವರ್ಷ ಯಾರಿಗೆ ಇಲ್ಲ ಅನ್ನಬೇಕು, ಎಲ್ಲ ಅವನ ತೀರ್ಮಾನ. ಏರಿ ದುರಸ್ತಿಗೆ, ಹೂಳೆತ್ತೋ ಬಂಡಿಗೆ ಅಂತ ಭೂಮಿ ಬಿಟ್ಟುಕೊಟ್ಟ ಶಾಸನಗಳು ನಮ್ಮಲ್ಲಿ ಬೇಕಾದಷ್ಟಿವೆ. ಪ್ರಾಡಕ್ಟ್ ಮ್ಯಾನೇಜರ್ ಕಲ್ಪನೆಯ ಬೇರನ್ನು ೧೯೩೧ರಲ್ಲಿ ಪ್ರಾಕ್ಟರ್ ಅಂಡ್ ಗ್ಯಾಂಬಲ್‌ನ ನೀಲ್ ಮೆಕೆಲ್ರಾಯ್ ಬರೆದ ಟಿಪ್ಪಣಿಯಲ್ಲಿ ತೋರಿಸ್ತಾರೆ. ಒಂದು ಸಾಮಾನಿಗೆ ಒಬ್ಬ ಹೊಣೆಗಾರ ಅನ್ನೋದು ಅದರ ಸಾರ. ನಮ್ಮ ಕೆರೆಗಳಿಗೆ ಆ ಹೊಣೆಗಾರ ಮೊದಲೇ ಇದ್ದ.

೧೯೬೧ರ ಗ್ರಾಮಾಧಿಕಾರ ರದ್ದತಿ ಕಾಯ್ದೆ ವಂಶಪಾರಂಪರ್ಯದ ಹುದ್ದೆಗಳನ್ನು ತೆಗೆದುಹಾಕಿತು. ಜಾತಿಗೆ ಕಟ್ಟಿಹಾಕಿದ ಚಾಕರಿ ಹೋಗಿದ್ದು ನ್ಯಾಯವೇ. ಆದರೆ ಆ ಕೆಲಸವನ್ನು ಇನ್ನು ಯಾರು ಮಾಡಬೇಕು ಅನ್ನೋ ಪ್ರಶ್ನೆ ಉಳಿಯಿತು. ೨೦೦೨ರಲ್ಲಿ ವಿಶ್ವಬ್ಯಾಂಕ್ ಸಾಲದ ಯೋಜನೆಯಲ್ಲಿ ಕೆರೆ ಬಳಕೆದಾರರ ಸಂಘಗಳನ್ನು ಕಟ್ಟಬೇಕಾಗಿ ಬಂದದ್ದು ಅದಕ್ಕೇ.

ಈಗ ಅಡಿಕೆ ಬೆಳೆಗಾರರಿಗೆ ಕನ್ನಡದಲ್ಲಿ ಉತ್ತರ ಹೇಳೋ ಒಂದು ಎಐ ಆಪ್ ಇದೆ ಅಂದುಕೊಳ್ಳಿ. ಬಿಡುಗಡೆ ದಿನ ಎಲ್ಲ ಸರಿ, ಪ್ರಾಜೆಕ್ಟ್ ಮುಗೀತು, ಊಟ ಆಯ್ತು. ಮಳೆಗಾಲದಲ್ಲಿ ಕೊಳೆ ರೋಗದ ಪ್ರಶ್ನೆ ಬರುತ್ತೆ, ಅದೂ ಚನ್ನಗಿರಿ ಮಾತಿನಲ್ಲಿ. ಆಪ್ ಕೆಡೋದಿಲ್ಲ, ಎರರ್ ತೋರಿಸೋದಿಲ್ಲ. ಧೈರ್ಯವಾಗಿ ತಪ್ಪು ಔಷಧಿ ಹೇಳುತ್ತೆ! ರೈತ ಅದನ್ನೇ ಸಿಂಪಡಿಸಿದರೆ ತೋಟದ ಫಸಲು ಹೋಯ್ತು. ಯಾವ ಪ್ರಶ್ನೆಗೆ ಉತ್ತರ ಕೊಡಬೇಕು, ಯಾವುದಕ್ಕೆ 'ಕೃಷಿ ಅಧಿಕಾರಿಯನ್ನು ಕೇಳಿ' ಅನ್ನಬೇಕು, ಪ್ರತಿ ವಾರ ಉತ್ತರಗಳನ್ನು ಯಾರು ಕೂತು ಓದಬೇಕು... ಇದು ನೀರಗಂಟಿ ಕೆಲಸ, ಇದಕ್ಕೆ ಮುಗಿಯೋ ತಾರೀಖಿಲ್ಲ.

ಹಾಗಂತ ಹಳೇ ಅನುಭವ ದಂಡ ಅಲ್ಲ. ಜನರನ್ನು ಒಗ್ಗೂಡಿಸೋದು, ಅಪಾಯ ಮೊದಲೇ ಗುರುತಿಸೋದು ಇಲ್ಲೂ ಬೇಕು. ಆದರೆ ಹೊರಡೋ ಮುಂಚೆ ನಿಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಿ: ನೀವು ಮುಗಿಸಿಕೊಟ್ಟ ಪ್ರಾಜೆಕ್ಟುಗಳು ಒಂದು ವರ್ಷದ ಮೇಲೆ ಏನಾದವು ಅಂತ ತಿರುಗಿ ನೋಡಿದ್ದೀರಾ? ಆ ಕುತೂಹಲ ಇದ್ದರೆ ಈ ಕಸುಬು ನಿಮ್ಮದು. ಮುಗಿಸೋದರಲ್ಲೇ ಖುಷಿ ಇದ್ದರೆ ಕಟ್ಟೋ ಕೆಲಸದಲ್ಲೇ ಇರಿ, ಅದೇನು ಕಮ್ಮಿ ಅಲ್ಲ.

ಅಂದ ಹಾಗೆ, ನಿಮ್ಮೂರಲ್ಲಿ ನೀರಗಂಟಿಗೆ ಏನಂತಾರೆ? ಈಗ ತೂಬು ಎತ್ತೋರು ಯಾರು? ಗೊತ್ತಿದ್ದವರು ತಿಳಿಸಿ.